ಮರಳಿಗೊಂದು ಹಗುರ ಗಾಡಿ: ಹಾಸನ, ಚಿಕ್ಕಮಗಳೂರಿನವರು ಆರಿಸುವುದು ಹೇಗೆ?

ನಮ್ಮ ಕಡೆ ಆಫ್‌ರೋಡ್ ಅಂದ್ರೆ ಎಲ್ಲರ ಬಾಯಲ್ಲೂ ಕೆಸರು, ಜಿಗಣೆ, ಘಾಟಿ. ಮರಳಿನ ಮಾತು ಎತ್ತುವವರು ಕಡಿಮೆ. ಆದರೆ ಮಾರ್ಚ್ ಬರಲಿ, ಗೊರೂರು ಹಿನ್ನೀರು ಇಳಿದು ಶೆಟ್ಟಿಹಳ್ಳಿ ಚರ್ಚಿನ ಸುತ್ತ ನೆಲ ಕಾಣಿಸುತ್ತದೆ. ಹೊಳೆನರಸೀಪುರದ ಕಡೆ ಹೇಮಾವತಿ ದಡದಲ್ಲಿ ಮರಳಿನ ಪಟ್ಟಿಗಳು ಏಳುತ್ತವೆ. ಕಡೂರಿನ ಹತ್ತಿರ ವೇದಾವತಿ ಬತ್ತಿದರೆ ಪಾತ್ರದಲ್ಲಿ ಉಳಿಯುವುದೇ ಮರಳು. ಟಿಪ್ಪರ್‌ಗಳಿಂದ ತಿರುವುಗಳಲ್ಲಿ ಚೆಲ್ಲಿದ ಎಂ-ಸ್ಯಾಂಡ್ ಅಂತೂ ವರ್ಷವಿಡೀ ಇದ್ದೇ ಇರುತ್ತದೆ. ಚಾರ್ಮಾಡಿಯನ್ನೋ ಶಿರಾಡಿಯನ್ನೋ ಇಳಿದರೆ ಕಡಲ ತೀರ. ಆಸೆ ಇನ್ನೂ ದೊಡ್ಡದಿದ್ದರೆ ಜೈಸಲ್ಮೇರ್.

ಇಂಥ ಕಡೆ ಓಡಿಸಲು ಡ್ಯುಯಲ್ ಸ್ಪೋರ್ಟ್ ಗಾಡಿ ಹುಡುಕುವವರು ಮೊದಲು ಕೇಳುವುದು "ಎಷ್ಟು ಸಿಸಿ?" ಅಂತ. ನನ್ನ ಸಲಹೆ, ಮೊದಲು ತೂಕ ಕೇಳಿ. ಸಿಸಿ, ಪಿಎಸ್ (ಎಂಜಿನ್ ಬಲದ ಅಳತೆ), ಮೈಲೇಜು, ಬಣ್ಣ ಎಲ್ಲ ಆಮೇಲೆ. ಡ್ಯುಯಲ್ ಸ್ಪೋರ್ಟ್ ಅಂದರೆ ನಂಬರ್ ಪ್ಲೇಟ್ ಹಾಕಿಕೊಂಡು ಡಾಂಬರು ರಸ್ತೆಯಲ್ಲೂ ಓಡಾಡಬಹುದಾದ, ರಸ್ತೆ ಮುಗಿದ ಮೇಲೂ ಮುಂದೆ ಹೋಗಬಲ್ಲ ಗಾಡಿ. ಹಾಸನದಿಂದ ಗೊರೂರಿಗೆ ಓಡಿಸಿಕೊಂಡೇ ಹೋಗಬೇಕು, ಓಡಿಸಿಕೊಂಡೇ ವಾಪಸ್ ಬರಬೇಕು ಅಲ್ವಾ? ಹಾಗಾಗಿ ಟೆಂಪೋದಲ್ಲಿ ಹೇರಿಕೊಂಡು ಹೋಗುವ ಮೋಟೊಕ್ರಾಸ್ ಗಾಡಿಗಳ ವಿಷಯ ಇಲ್ಲಿ ಎತ್ತುವುದಿಲ್ಲ.

ಮೊದಲು ನಿಮ್ಮ ಮರಳು ಯಾವುದು ಅಂತ ತಿಳಿದುಕೊಳ್ಳಿ

ಎಲ್ಲ ಮರಳೂ ಒಂದೇ ಅಲ್ಲ. ಒಣ ಹೊಳೆ ಮರಳು ಸಡಿಲ. ಚಕ್ರ ನೇರ ಒಳಗಿಳಿಯುತ್ತದೆ. ಸಮುದ್ರ ದಂಡೆಯಲ್ಲಿ ಅಲೆ ಬಂದು ಹೋಗುವ ಪಟ್ಟಿ ಗಟ್ಟಿ, ಅದರ ಮೇಲಿನ ಒಣ ಪಟ್ಟಿ ಮೆತ್ತಗೆ. ಡಾಂಬರಿನ ಮೇಲೆ ಚೆಲ್ಲಿದ ಎಂ-ಸ್ಯಾಂಡ್ ತೆಳ್ಳಗೆ ಇರುತ್ತದೆ, ಅಲ್ಲಿ ಹೂತುಹೋಗುವ ಭಯ ಇಲ್ಲ, ಜಾರುವ ಭಯ.

ಇವೆಲ್ಲಕ್ಕಿಂತ ಮೋಸದ್ದು ನಮ್ಮ ಹಿನ್ನೀರಿನ ನೆಲ. ಮೇಲೆ ಬಿಸಿಲಿಗೆ ಒಣಗಿ ಬಿರುಕು ಬಿಟ್ಟ ಪದರ. ಅದರ ಮೇಲೆ ಒಂದಿಷ್ಟು ಮರಳು. ಕೆಳಗೆ ಇನ್ನೂ ಹಸಿ ಇರುವ ಹೂಳು. ನಡೆದು ಹೋಗುವವರಿಗೆ ಗಟ್ಟಿ ಅನಿಸುತ್ತದೆ. ಭಾರದ ಗಾಡಿ ಹೋದರೆ ಪದರ ಒಡೆದು ಹಿಂದಿನ ಚಕ್ರ ಅರ್ಧ ಒಳಗೆ. ನೀರಿನ ಅಂಚಿಗೆ ಹತ್ತಿರವಾದಷ್ಟೂ ಈ ಅಪಾಯ ಜಾಸ್ತಿ. ಇಂಥ ಜಾಗದಲ್ಲಿ 140 ಕೆಜಿ ಗಾಡಿಗೂ 200 ಕೆಜಿ ಗಾಡಿಗೂ ಇರುವ ವ್ಯತ್ಯಾಸ ಪುಸ್ತಕದ ಲೆಕ್ಕವಾಗಿ ಉಳಿಯುವುದಿಲ್ಲ. ಒಂದನ್ನು ಇಬ್ಬರು ಎಳೆದು ತೆಗೆಯುತ್ತಾರೆ, ಇನ್ನೊಂದಕ್ಕೆ ಟ್ರಾಕ್ಟರ್ ಬರಬೇಕು.

ನಿಮ್ಮ ಓಡಾಟದಲ್ಲಿ ಹತ್ತರಲ್ಲಿ ಎಂಟು ಪಾಲು ಘಾಟಿ ರಸ್ತೆ, ತೋಟದ ದಾರಿಯೇ ಆಗಿದ್ದು, ಮರಳು ಅಪರೂಪಕ್ಕೆ ಸಿಗುವುದಾದರೆ ಮುಂದೆ ಹೇಳುವ ಕೆಲವು ವಿಷಯಗಳಲ್ಲಿ ಸ್ವಲ್ಪ ಸಡಿಲ ಬಿಡಬಹುದು. ತೂಕದ ವಿಷಯದಲ್ಲಿ ಮಾತ್ರ ಬೇಡ.

ತೂಕ: ಮಲಗಿಸಿ ಎತ್ತಿ ನೋಡಿ

ಮರಳಿನಲ್ಲಿ ಬೀಳುವುದು ಸಹಜ. ಚೆನ್ನಾಗಿ ಓಡಿಸುವವರೂ ಬೀಳುತ್ತಾರೆ. ಮರಳು ಮೆತ್ತಗಿರುವುದರಿಂದ ಪೆಟ್ಟು ಬಹಳ ಸಲ ಸಣ್ಣದು. ಸುಸ್ತು ಮಾಡುವುದು ಗಾಡಿ ಎತ್ತುವ ಕೆಲಸ. ಏಪ್ರಿಲ್ ಬಿಸಿಲಲ್ಲಿ, ಹೆಲ್ಮೆಟ್, ಬೂಟು, ಜಾಕೆಟ್ ಹಾಕಿಕೊಂಡು, ಕಾಲು ಕೂಡ ಹೂತುಹೋಗುವ ನೆಲದಲ್ಲಿ ಎರಡು ಮೂರು ಸಲ ಎತ್ತಿದರೆ ತೋಳಿನ ಶಕ್ತಿ ಇಳಿದುಹೋಗುತ್ತದೆ. ಸುಸ್ತಾದ ಮೇಲೆ ಹ್ಯಾಂಡಲ್ ಹಿಡಿತ ತಪ್ಪುತ್ತದೆ, ಮತ್ತೆ ಬೀಳುತ್ತೀರಿ.

ಹಾಸನದ ಹಳೆ ಮೆಕ್ಯಾನಿಕ್ ಒಬ್ಬರು ಹೊಸ ಹುಡುಗರಿಗೆ ಹೇಳುವ ಮಾತು ನನಗೆ ತುಂಬ ಹಿಡಿಸಿತ್ತು: "ತಮ್ಮಾ, ಮೊದ್ಲು ಗಾಡಿ ಮಲಗ್ಸು. ಎತ್ತಕ್ಕಾದ್ರೆ ತಗೋ." ಶೋರೂಮಿನಲ್ಲಿ ಹೊಸ ಗಾಡಿ ಮಲಗಿಸಲು ಬಿಡುವುದಿಲ್ಲ, ಸರಿ. ಆದರೆ ಅದೇ ಗಾಡಿ ಇಟ್ಟುಕೊಂಡಿರುವ ಗೆಳೆಯರೋ ಪರಿಚಯದವರೋ ಸಿಕ್ಕೇ ಸಿಗುತ್ತಾರೆ. ಒಂದು ಹಳೆ ಟೈರು ಅಥವಾ ಗೋಣಿಚೀಲ ಹಾಸಿ, ಮೆಲ್ಲಗೆ ಮಲಗಿಸಿ, ಒಬ್ಬರೇ ಎತ್ತಿ ನೋಡಿ.

ಎತ್ತುವುದಕ್ಕೂ ಒಂದು ಕ್ರಮ ಇದೆ. ಎಂಜಿನ್ ಆಫ್ ಮಾಡಿ. ಗೇರಿನಲ್ಲಿ ಬಿಡಿ, ಆಗ ಚಕ್ರ ಉರುಳುವುದಿಲ್ಲ. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ಹೊರಗೆ ಚಾಚಿಡಿ, ಎತ್ತಿದ ಮೇಲೆ ಎಡಕ್ಕೆ ವಾಲಿ ಮತ್ತೆ ಬೀಳುವುದು ತಪ್ಪುತ್ತದೆ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ. ಗಾಡಿಗೆ ಬೆನ್ನು ಹಾಕಿ, ಸೀಟಿನ ಅಂಚಿಗೆ ಸೊಂಟ ಒರಗಿಸಿ ಕುಕ್ಕರಗಾಲಲ್ಲಿ ಕೂರಿ. ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿ, ಇನ್ನೊಂದರಲ್ಲಿ ಹಿಂದಿನ ಗ್ರಾಬ್ ರೈಲ್. ಬೆನ್ನು ಬಗ್ಗಿಸದೆ, ತೊಡೆಯ ಬಲದಿಂದ ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡುತ್ತಾ ಏಳಿ. ಇಷ್ಟು ಮಾಡಿಯೂ ಗಾಡಿ ಏಳದಿದ್ದರೆ ಅದು ನಿಮಗೆ ಒಂಟಿಯಾಗಿ ಮರಳಿಗೆ ಒಯ್ಯುವ ಗಾಡಿಯಲ್ಲ.

ಮರಳುಗಾಡಿನ ಅತಿ ಕಠಿಣ ರೇಸ್ ಅನಿಸಿಕೊಂಡ ಡಾಕರ್ ರ‍್ಯಾಲಿಯಲ್ಲೇ 2011ರಿಂದ ಬೈಕುಗಳು 450 ಸಿಸಿ ಮೀರುವಂತಿಲ್ಲ. ಅಲ್ಲಿಯ ದೊಡ್ಡ ಮರಳುದಿಬ್ಬಗಳಿಗೆ, ಅಲ್ಲಿಯ ವೇಗಕ್ಕೆ ಅಷ್ಟು ಸಾಕು. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ಮುಗಿಸಿದ ಮೊದಲ ಭಾರತೀಯರಾದರು. ಐಶ್ವರ್ಯಾ ಪಿಸ್ಸೆ ಕೂಡ ಬೆಂಗಳೂರಿನವರೇ. 2019ರಲ್ಲಿ ಕಚ್ಚಾ ನೆಲದ ಬೈಕ್ ರೇಸ್ ಸರಣಿಯಾದ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಮರಳು ನಮ್ಮವರಿಗೆ ಒಗ್ಗದ ನೆಲ ಅಂತ ಅಂದುಕೊಳ್ಳುವುದು ಬೇಡ.

ಈಗ ಅಂಕಿ ನೋಡೋಣ. ಕವಾಸಕಿ ಕೆಎಲ್‌ಎಕ್ಸ್ 230 ತೂಕ 139 ಕೆಜಿ. ಹೀರೋ ಎಕ್ಸ್‌ಪಲ್ಸ್ 200 4ವಿ ಸುಮಾರು 158. ಎಕ್ಸ್‌ಪಲ್ಸ್ 210 ಸುಮಾರು 168. ಕೆಟಿಎಂ 390 ಎಂಡ್ಯೂರೊ ಆರ್ 170 ದಾಟುತ್ತದೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಅಂದರೆ 196. ಇದರ ಮೇಲೆ ನೀವು ಹಾಕಿಸುವ ಕ್ರ್ಯಾಶ್ ಗಾರ್ಡ್, ಸೈಡ್ ಬಾಕ್ಸ್, ಎರಡೆರಡು ಫಾಗ್ ಲೈಟ್ ಸೇರಿಸಿಕೊಳ್ಳಿ. 158ರ ಗಾಡಿಯನ್ನು ಆಕ್ಸೆಸರಿ ಹೇರಿ 175 ಮಾಡಿಕೊಳ್ಳುವವರು ಬಹಳ ಮಂದಿ. ಮರಳಿಗೆ ಬೇಕಿರುವುದು ಎಂಜಿನ್ನಿನ ತಳ ಕಾಯುವ ಬ್ಯಾಶ್ ಪ್ಲೇಟ್ ಮತ್ತು ಕೈ ಕಾಯುವ ಹ್ಯಾಂಡ್ ಗಾರ್ಡ್. ಉಳಿದದ್ದು ಮನೆಯಲ್ಲೇ ಇರಲಿ.

ಚಕ್ರ ಮತ್ತು ಟೈರು: ಹಣ ಹಾಕುವುದಾದರೆ ಇಲ್ಲಿ ಹಾಕಿ

ಮುಂದಿನ ಚಕ್ರ 21 ಇಂಚು, ಹಿಂದಿನದು 18 ಇಂಚು. ಇದು ಮರಳಿಗೆ ಸರಿಯಾದ ಜೋಡಿ. ದೊಡ್ಡ ಮುಂಚಕ್ರ ಮರಳನ್ನು ಹತ್ತಿ ಹೋಗುತ್ತದೆ. 17 ಇಂಚಿನ ಚಕ್ರ ಮರಳನ್ನು ತನ್ನ ಮುಂದೆ ಗುಡ್ಡೆ ಹಾಕಿಕೊಂಡು ನೇಗಿಲಿನ ಹಾಗೆ ಒಳಗೆ ಕೊರೆಯುತ್ತದೆ. 19 ಇಂಚಿನದು ಇವೆರಡರ ನಡುವೆ. ರಸ್ತೆಗೆ ಒಳ್ಳೆಯದು, ಮರಳಿನಲ್ಲಿ ತಕ್ಕಮಟ್ಟಿಗೆ.

ಅಲಾಯ್ ಬೇಡ, ಸ್ಪೋಕ್ ಇರಲಿ. ಗಾಳಿ ಕಡಿಮೆ ಇಟ್ಟಾಗ ಕಲ್ಲಿಗೆ ಬಡಿದರೆ ಅಲಾಯ್ ಬಿರುಕು ಬಿಡಬಹುದು. ಸ್ಪೋಕ್ ರಿಮ್ ಬಾಗುತ್ತದೆ, ಮತ್ತೆ ನೇರ ಮಾಡಿಸಬಹುದು. ಹೊಳೆ ಮರಳಿನಲ್ಲಿ ಮುಚ್ಚಿಕೊಂಡ ಬಂಡೆಗಳು ನಮ್ಮಲ್ಲಿ ಸಾಕಷ್ಟಿವೆ.

ಟೈರಿನ ವಿಷಯ. ಕಂಪನಿಯಿಂದ ಬರುವ ಟೈರುಗಳು ಹೆಚ್ಚಾಗಿ ರಸ್ತೆ ಮತ್ತು ಮಣ್ಣು ಎರಡಕ್ಕೂ ಹೊಂದಿಸಿದ ನಡುವಿನ ಜಾತಿ. ಮರಳಿಗೆ ಆಗಾಗ ಹೋಗುವುದಾದರೆ ಗುಬಟುಗಳ ನಡುವೆ ಜಾಗ ಜಾಸ್ತಿ ಇರುವ ನಾಬಿ ಟೈರು ಮುಂದಕ್ಕಾದರೂ ಹಾಕಿಸಿ. ಮುಂದಿನ ಟೈರು ದಿಕ್ಕು ಹಿಡಿದರೆ ಉಳಿದದ್ದು ನಿಮ್ಮ ಹತೋಟಿಯಲ್ಲಿ ಇರುತ್ತದೆ. ಒಂದು ಎಚ್ಚರಿಕೆ: ಮಲೆನಾಡಿನ ಮಳೆಗಾಲದಲ್ಲಿ, ಒದ್ದೆ ಡಾಂಬರಿನ ಮೇಲೆ ಪೂರ್ತಿ ನಾಬಿ ಟೈರು ಜಾರುತ್ತದೆ. ಜೂನ್ ಹೊತ್ತಿಗೆ ಬದಲಾಯಿಸಿಕೊಳ್ಳುವ ಅಭ್ಯಾಸ ಒಳ್ಳೆಯದು.

ಟೈರಿಗಿಂತಲೂ ಮುಖ್ಯ ಗಾಳಿ. ಇದಕ್ಕೆ ಖರ್ಚೇ ಇಲ್ಲ, ಆದರೂ ಜನ ಮಾಡುವುದಿಲ್ಲ. ರಸ್ತೆಗೆ 25ರಿಂದ 30 ಪಿಎಸ್‌ಐ ಇರುತ್ತದೆ. ಮರಳಿನ ಅಂಚಿನಲ್ಲಿ ನಿಲ್ಲಿಸಿ 15–18ಕ್ಕೆ ಇಳಿಸಿ. ಟೈರು ಚಪ್ಪಟೆಯಾಗಿ ನೆಲಕ್ಕೆ ತಾಗುವ ಜಾಗ ಉದ್ದವಾಗುತ್ತದೆ, ಭಾರ ಹರಡಿಕೊಳ್ಳುತ್ತದೆ, ಚಕ್ರ ತೇಲುತ್ತದೆ. ಇದನ್ನು ಕಣ್ಣಲ್ಲೇ ನೋಡಬಹುದು. ಗಾಳಿ ಇಳಿಸುವ ಮುಂಚೆ ಗಾಡಿಯನ್ನು ಮರಳಿನ ಮೇಲೆ ಎರಡು ಮಾರು ತಳ್ಳಿ, ಬಗ್ಗಿ ಜಾಡು ನೋಡಿ. ಸಣ್ಣಗೆ, ಆಳವಾಗಿ, ಎರಡೂ ಅಂಚು ಕುಸಿದ ಗೆರೆ ಇರುತ್ತದೆ. ಗಾಳಿ ಇಳಿಸಿ ಪಕ್ಕದಲ್ಲೇ ಇನ್ನೊಂದು ಸಲ ತಳ್ಳಿ. ಈ ಗೆರೆ ಅಗಲ, ಆಳ ಕಡಿಮೆ, ಟೈರಿನ ಗುಬಟುಗಳ ಅಚ್ಚು ಒಂದೊಂದೂ ಎಣಿಸುವ ಹಾಗೆ ಬಿದ್ದಿರುತ್ತದೆ. ತಳ್ಳುವಾಗ ಕೈಗೂ ಹಗುರ ಅನಿಸುತ್ತದೆ. ಒಂದು ಸಲ ಈ ಎರಡು ಗೆರೆ ನೋಡಿದವರು ಮತ್ತೆ ಗಾಳಿ ಇಳಿಸುವುದನ್ನು ಮರೆಯುವುದಿಲ್ಲ.

15ಕ್ಕಿಂತ ಕೆಳಗೆ ಹೋಗಬೇಕಾದರೆ ರಿಮ್ ಲಾಕ್ ಹಾಕಿಸಿ. ಇಲ್ಲದಿದ್ದರೆ ಟೈರು ರಿಮ್ಮಿನ ಮೇಲೆ ಜಾರಿ ತಿರುಗಿ ಒಳಗಿನ ಟ್ಯೂಬಿನ ವಾಲ್ವ್ ಕಿತ್ತುಕೊಂಡು ಬರುತ್ತದೆ. ಅದನ್ನು ಪಂಚರ್ ಹಾಕಿ ಸರಿಮಾಡಲು ಆಗುವುದಿಲ್ಲ, ಟ್ಯೂಬೇ ಬದಲಿಸಬೇಕು. ಗೇಜ್ ಒಂದು, ಕಾಲಲ್ಲಿ ಒತ್ತುವ ಸಣ್ಣ ಪಂಪ್ ಒಂದು, ಬದಲಿ ಟ್ಯೂಬ್ ಒಂದು ಚೀಲದಲ್ಲಿ ಇರಲೇಬೇಕು. ಮರಳು ದಾಟಿ ಡಾಂಬರಿಗೆ ಬಂದ ಕೂಡಲೇ ಗಾಳಿ ತುಂಬಿಸಿ. ಕಡಿಮೆ ಗಾಳಿಯಲ್ಲಿ ಘಾಟಿ ತಿರುವು ತೆಗೆದುಕೊಳ್ಳುವುದು ಅಪಾಯ.

ಸೀಟಿನ ಎತ್ತರ

ಈ ವಿಷಯದಲ್ಲಿ ಹುಡುಗರು ಸುಮ್ನೆ ಧೈರ್ಯ ತೋರಿಸುತ್ತಾರೆ. ಎಕ್ಸ್‌ಪಲ್ಸ್ 200 4ವಿ ಸೀಟು 825 ಮಿಮೀ ಎತ್ತರ. ಅದರ ಪ್ರೊ ಮಾದರಿ 891. ಕೆಎಲ್‌ಎಕ್ಸ್ 230 ಸೀಟು 880. ಐದೂವರೆ ಅಡಿ ಎತ್ತರದವರಿಗೆ 880, 891 ಅಂದರೆ ಎರಡೂ ಕಡೆ ಬರೀ ಕಾಲ್ಬೆರಳ ತುದಿ ತಾಗುತ್ತದೆ. ಮರಳಿನಲ್ಲಿ ಆ ಕಾಲೂ ಹೂತುಹೋಗುತ್ತದೆ ಅನ್ನುವುದನ್ನು ಮರೆಯಬೇಡಿ. ಶೋರೂಮಿನ ಟೈಲ್ಸ್ ಮೇಲೆ ತಾಗಿದ ಕಾಲು ಹೊಳೆಯಲ್ಲಿ ತಾಗುವುದಿಲ್ಲ.

ಹಾಗಂತ ಎತ್ತರದ ಗಾಡಿ ಕೈಬಿಡಬೇಕಾಗಿಲ್ಲ. ಗಾಡಿ ಹಗುರ ಇದ್ದರೆ ಸೀಟಿನ ಒಂದು ಪಕ್ಕಕ್ಕೆ ಜಾರಿ ಒಂದೇ ಕಾಲು ಊರಿ ನಿಲ್ಲುವುದು ರೂಢಿಯಾಗುತ್ತದೆ. 139 ಕೆಜಿ ಗಾಡಿಯಲ್ಲಿ ಇದು ಸಾಧ್ಯ. 196ರಲ್ಲಿ ಸ್ವಲ್ಪ ವಾಲಿದರೂ ತಡೆಯುವುದು ಕಷ್ಟ. ಅಂದರೆ ಎತ್ತರ ಮತ್ತು ತೂಕವನ್ನು ಒಟ್ಟಿಗೆ ನೋಡಬೇಕು. ಎತ್ತರ ಕಡಿಮೆ ಇರುವವರು, ಈಗಷ್ಟೇ ಕಲಿಯುತ್ತಿರುವ ಹೆಣ್ಣುಮಕ್ಕಳು 825ರ ಆಸುಪಾಸಿನಿಂದ ಶುರು ಮಾಡಲಿ. ನಾಲ್ಕಾರು ತಿಂಗಳು ಕೈ ಪಳಗಿದ ಮೇಲೆ ಎತ್ತರದ ಭಯ ತಾನಾಗಿ ಕಡಿಮೆಯಾಗುತ್ತದೆ.

ಎಂಜಿನ್, ಗೇರು, ಕ್ಲಚ್ಚು

ಮರಳು ಎಂಜಿನ್ನಿನ ಬಲ ತಿನ್ನುತ್ತದೆ, ನಿಜ. ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಸಲೀಸಾಗಿ ಹೋಗುವ ಗಾಡಿ ಮರಳಿನಲ್ಲಿ ಎರಡಕ್ಕೆ ಇಳಿಯುತ್ತದೆ. ಆದರೂ ನಮ್ಮ ಕಡೆಯ ಹೊಳೆ ಮರಳಿಗೆ 18–20 ಪಿಎಸ್ ಸಾಕು. ಎಕ್ಸ್‌ಪಲ್ಸ್ 4ವಿ 19 ಪಿಎಸ್ ಕೊಡುತ್ತದೆ, ಕೆಎಲ್‌ಎಕ್ಸ್ 230 ಸುಮಾರು 18. ಎಕ್ಸ್‌ಪಲ್ಸ್ 210ರಲ್ಲಿ 24.6. ಜೈಸಲ್ಮೇರಿನ ಎತ್ತರದ ದಿಬ್ಬ ಹತ್ತಬೇಕಾದಾಗ ಮಾತ್ರ ಜಾಸ್ತಿ ಬಲದ ಬೆಲೆ ತಿಳಿಯುತ್ತದೆ.

ಬಲ ಕಡಿಮೆ ಅನಿಸಿದರೆ ಗಾಡಿ ಬದಲಾಯಿಸುವ ಮೊದಲು ಚೈನ್ ಓಡುವ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್ ಬದಲಾಯಿಸಿ ನೋಡಿ. ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡಿದರೆ ಹಿಂದೆ ಸುಮಾರು ಮೂರು ಹಲ್ಲು ಜಾಸ್ತಿ ಮಾಡಿದಷ್ಟು ಪರಿಣಾಮ. ಕೆಳಗಿನ ಗೇರುಗಳಲ್ಲಿ ಎಳೆತ ಹೆಚ್ಚುತ್ತದೆ, ಕ್ಲಚ್ ಜಾರಿಸುವುದು ಕಡಿಮೆಯಾಗುತ್ತದೆ. ಹೆದ್ದಾರಿಯಲ್ಲಿ ಓಟ ಸ್ವಲ್ಪ ತಗ್ಗುತ್ತದೆ, ಎಂಜಿನ್ ಸದ್ದು ಜಾಸ್ತಿಯಾಗುತ್ತದೆ. ಹಾಸನದಿಂದ ಬೆಂಗಳೂರಿಗೆ ವಾರ ವಾರ ಓಡಾಡುವವರಿಗೆ ಇದು ಕಿರಿಕಿರಿ. ತೋಟ, ಹೊಳೆ, ಹಳ್ಳಿ ದಾರಿ ಅಂತ ಇರುವವರಿಗೆ ಲಾಭ.

ಕ್ಲಚ್ಚಿನ ವಿಷಯ ಬಿಡುವಂತಿಲ್ಲ. ಮರಳಿನಲ್ಲಿ ಹೊಸಬರು ಅರ್ಧ ಕ್ಲಚ್ಚಿನಲ್ಲೇ ಓಡಿಸುತ್ತಾರೆ. ಪ್ಲೇಟು ಸುಟ್ಟ ವಾಸನೆ ಮೂಗಿಗೆ ಬಂದರೆ ಕೂಡಲೇ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ಗಾಳಿಯಿಂದ ತಂಪಾಗುವ ಎಂಜಿನ್ನುಗಳು ನಿಧಾನ ವೇಗದಲ್ಲಿ, ಜಾಸ್ತಿ ಹೊರೆಯಲ್ಲಿ ಬೇಗ ಕಾಯುತ್ತವೆ. ರೇಡಿಯೇಟರ್ ಇರುವವು ಈ ಹೊತ್ತಲ್ಲಿ ಫ್ಯಾನ್ ಹಾಕಿಕೊಂಡು ತಡೆದುಕೊಳ್ಳುತ್ತವೆ. ಆದರೆ ರೇಡಿಯೇಟರ್ ಅಂದರೆ ತೂಕವೂ ಹೌದು, ಬಿದ್ದಾಗ ಜಜ್ಜಿಹೋಗುವ ಇನ್ನೊಂದು ಭಾಗವೂ ಹೌದು. ನಮ್ಮ ಬಳಕೆಗೆ ಗಾಳಿ ತಂಪಿನ ಎಂಜಿನ್ನೇ ಸರಳ ಅನ್ನುವುದು ನನ್ನ ಅಭಿಪ್ರಾಯ.

ಏರ್ ಫಿಲ್ಟರ್ ಎಲ್ಲಿದೆ, ಎಷ್ಟು ಸುಲಭಕ್ಕೆ ಬಿಚ್ಚಬಹುದು ಅಂತ ಕೊಳ್ಳುವ ಮುಂಚೆ ತೋರಿಸಲು ಹೇಳಿ. ಮುಂದಿರುವವರ ಚಕ್ರದಿಂದ ಏಳುವ ನುಣ್ಣನೆ ಧೂಳು ಒಳಗೆ ಹೋದರೆ ಪಿಸ್ಟನ್, ಸಿಲಿಂಡರ್ ಸವೆಯುತ್ತವೆ. ಕಾಗದದ ಫಿಲ್ಟರ್ ತೊಳೆಯಲು ಬರುವುದಿಲ್ಲ, ಬದಲಿಸಬೇಕು. ಫೋಮ್ ಫಿಲ್ಟರನ್ನು ತೊಳೆದು, ಎಣ್ಣೆ ಹಚ್ಚಿ ಮತ್ತೆ ಹಾಕಬಹುದು.

ಸಸ್ಪೆನ್ಶನ್ ಮತ್ತು ಎಬಿಎಸ್

ಇದನ್ನು ಬೇಗ ಮುಗಿಸುತ್ತೇನೆ. ಮುಂದಿನ ಫೋರ್ಕ್ ತೀರ ಮೆತ್ತಗಿದ್ದರೆ ಥ್ರಾಟಲ್ ಬಿಟ್ಟಾಗ ಮೂಗು ಕೆಳಗಿಳಿದು ಚಕ್ರ ಮರಳಿಗೆ ಕಚ್ಚುತ್ತದೆ. ಹಿಂದೆ ಸ್ವಲ್ಪ ಕುಳಿತುಕೊಂಡ ಹಾಗಿದ್ದರೆ ಮುಂದೆ ಹಗುರವಾಗುತ್ತದೆ. ಆದ್ದರಿಂದ ಹಿಂದಿನ ಸ್ಪ್ರಿಂಗಿನ ಬಿಗಿ, ಅಂದರೆ ಪ್ರೀಲೋಡ್, ಒಂದು ಹಂತ ಸಡಿಲ ಮಾಡಿದರೆ ಮರಳಿಗೆ ಒಳ್ಳೆಯದು. ಫೋರ್ಕ್ ಹೊಂದಿಸುವ ಸೌಲಭ್ಯ ಇದ್ದರೆ ಮುಂದೆ ತುಸು ಬಿಗಿ ಮಾಡಿ.

125 ಸಿಸಿ ಮೇಲಿನ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯ. ರಸ್ತೆಯಲ್ಲಿ ಅದು ಜೀವ ಉಳಿಸುತ್ತದೆ. ಮರಳಿನಲ್ಲಿ ಹಿಂದಿನ ಚಕ್ರ ಲಾಕ್ ಆಗಲು ಬಿಡದೆ ಗಾಡಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಹಾಗಾಗಿ ಹಿಂದಿನ ಎಬಿಎಸ್ ಆಫ್ ಮಾಡುವ ಅನುಕೂಲ ಇದೆಯೇ, ಇಲ್ಲವೇ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ ಇದೆಯೇ ಕೇಳಿಕೊಳ್ಳಿ. ಡಾಂಬರಿಗೆ ಬಂದ ಕೂಡಲೇ ಮತ್ತೆ ಆನ್ ಮಾಡಿ.

ಹಾಗಾದರೆ ಯಾವುದು?

ಹಾಸನ, ಚಿಕ್ಕಮಗಳೂರಿನ ಬಹುಪಾಲು ಜನರಿಗೆ ನಾನು ಹೇಳುವುದು ಎಕ್ಸ್‌ಪಲ್ಸ್ 200 4ವಿ. ಹೊಸದಾದರೂ ಸರಿ, ಚೆನ್ನಾಗಿಟ್ಟ ಹಳೆಯದಾದರೂ ಸರಿ. 21–18 ಸ್ಪೋಕ್ ಚಕ್ರ ಇದೆ, 220 ಮಿಮೀ ನೆಲದ ಅಂತರ ಇದೆ, 13 ಲೀಟರ್ ಟ್ಯಾಂಕ್ ಇದೆ. ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ. ಮೂಡಿಗೆರೆಯಲ್ಲಿ ಕ್ಲಚ್ ಲಿವರ್ ಮುರಿದರೆ ಅಲ್ಲೇ ಹಾಕಿಸಿಕೊಂಡು ಮನೆಗೆ ಹೋಗಬಹುದು. ಇದು ಸಣ್ಣ ವಿಷಯವಲ್ಲ.

ಮರಳು, ಕಾಲುದಾರಿಗಳೇ ಮುಖ್ಯ, ಉದ್ದ ಪ್ರಯಾಣ ಕಡಿಮೆ ಅನ್ನುವವರಿಗೆ ಕೆಎಲ್‌ಎಕ್ಸ್ 230. ಹತ್ತೊಂಬತ್ತು ಕೆಜಿ ಕಡಿಮೆ ಅನ್ನುವುದು ಮರಳಿಗೆ ಇಳಿದ ಮೊದಲ ನಿಮಿಷದಲ್ಲೇ ಕೈಗೆ ತಿಳಿಯುತ್ತದೆ. ಆದರೆ ಟ್ಯಾಂಕ್ 7.6 ಲೀಟರ್ ಮಾತ್ರ. ಮರಳಿನಲ್ಲಿ ಮೈಲೇಜ್ ಇಳಿಯುತ್ತದೆ, ಲೆಕ್ಕ ಹಾಕಿಕೊಂಡು ಹೊರಡಬೇಕು. ಸರ್ವಿಸ್ ಎಲ್ಲಿ ಮಾಡಿಸುತ್ತೀರಿ, ಭಾಗ ಬರಲು ಎಷ್ಟು ದಿನ ಅಂತ ಮುಂಗಡ ಕೊಡುವ ಮುಂಚೆ ವಿಚಾರಿಸಿ. ಇದರದ್ದೇ ಆರ್ ಹೆಸರಿನ ಇನ್ನೊಂದು ಮಾದರಿ ರಸ್ತೆಗೆ ನೋಂದಣಿ ಆಗುವುದಿಲ್ಲ, ಗೊಂದಲ ಮಾಡಿಕೊಳ್ಳಬೇಡಿ.

ಎಕ್ಸ್‌ಪಲ್ಸ್ 210 ಹೆದ್ದಾರಿ ಜಾಸ್ತಿ ಓಡಿಸುವವರಿಗೆ ಹಿಡಿಸುತ್ತದೆ. ಕೆಟಿಎಂ 390 ಎಂಡ್ಯೂರೊ ಆರ್ ಕೈ ಪಳಗಿದವರಿಗೆ. ಸುಮಾರು 43 ಪಿಎಸ್ ಹೊಸಬರ ಕೈಯಲ್ಲಿ ಹಿಂದಿನ ಚಕ್ರವನ್ನು ಬಾವಿ ತೋಡಲು ಬಿಡುತ್ತದೆ. ಹಿಮಾಲಯನ್ ನನಗೆ ಇಷ್ಟದ ಗಾಡಿ, ಲಡಾಖಿಗೆ ಹೊರಟವರಿಗೆ ಧೈರ್ಯವಾಗಿ ಹೇಳುತ್ತೇನೆ. ಮರಳಿಗೆ ಅಂತ ಕೇಳಿದರೆ ಬೇಡ ಅನ್ನುತ್ತೇನೆ.

ಮಲೆನಾಡಿನ ಮನೆಮನೆಯಲ್ಲೂ ಕೇಳಿಬರುವ ಹೆಸರು ಯಮಹಾ ಆರ್‌ಎಕ್ಸ್ 100. ಹಗುರತನದ ಸುಖ ಏನು ಅಂತ ನಮ್ಮ ಕಡೆಯವರಿಗೆ ಕಲಿಸಿದ್ದೇ ಅದು. ಆದರೆ ಸಣ್ಣ ಚಕ್ರ, ಗಿಡ್ಡ ಸಸ್ಪೆನ್ಶನ್ ಇರುವ ಆ ಗಾಡಿಯನ್ನು ಈಗ ಮರಳಿಗೆ ಇಳಿಸುವುದು ಅದಕ್ಕೆ ಮಾಡುವ ಅನ್ಯಾಯ. 2011ರಲ್ಲಿ ಬಂದ ಹೀರೋ ಇಂಪಲ್ಸ್ 134 ಕೆಜಿ ತೂಗುತ್ತಿತ್ತು. ಈಗಲೂ ಅಲ್ಲಲ್ಲಿ ಮಾರಾಟಕ್ಕೆ ಬರುತ್ತದೆ. ಮುಂಚಕ್ರ 19 ಇಂಚು. ಉತ್ಪಾದನೆ ನಿಂತು ವರ್ಷಗಳಾಗಿವೆ, ಭಾಗ ಹುಡುಕುವ ತಾಳ್ಮೆ ಇದ್ದರೆ ಮಾತ್ರ ಕೊಳ್ಳಿ.

ಹಳೆಯದು ಕೊಳ್ಳುವುದಾದರೆ

ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ನೋಡಲು ಹೋಗಿ. ಮೊದಲು ಏರ್ ಫಿಲ್ಟರ್ ಬಾಕ್ಸ್ ಬಿಚ್ಚಿಸಿ. ಫಿಲ್ಟರಿನ ಒಳಭಾಗದಲ್ಲಿ, ಅಂದರೆ ಎಂಜಿನ್ ಕಡೆಯ ಪೈಪಿನಲ್ಲಿ, ಬೆರಳಾಡಿಸಿ. ಧೂಳು ಹತ್ತಿದರೆ ಬೇರೆ ಗಾಡಿ ನೋಡಿ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೂ ಅಷ್ಟೇ. ಫೋರ್ಕಿನ ಆಯಿಲ್ ಸೀಲ್ ಸುತ್ತ ಎಣ್ಣೆ ಜಿನುಗಿದೆಯೇ ನೋಡಿ. ಮುಂಚಕ್ರ ಎತ್ತಿ ಹ್ಯಾಂಡಲ್ ಎರಡೂ ಕಡೆ ತಿರುಗಿಸಿ. ನಡುವೆ ಕಚ್ಚಿ ನಿಂತ ಹಾಗಾದರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ. ಸ್ಪೋಕುಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿ. ಬಿಗಿಯಾಗಿದ್ದದ್ದು ಟಿಣ್ ಅನ್ನುತ್ತದೆ, ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಸ್ಪ್ರಾಕೆಟಿನ ಹಲ್ಲು ಕೊಕ್ಕೆಯಾಗಿದ್ದರೆ ಚೈನ್ ಸೆಟ್ ಬೆಲೆ ಕಳೆದು ಮಾತಾಡಿ.

ಕೆಎ-13 ಹಾಸನ, ಕೆಎ-18 ಚಿಕ್ಕಮಗಳೂರು, ಕೆಎ-46 ಸಕಲೇಶಪುರ, ಕೆಎ-66 ತರೀಕೆರೆ. ಪರಿಚಯದ ನಂಬರಿನ ಗಾಡಿ ಆದರೆ ಹಿಂದೆ ಯಾರು ಓಡಿಸಿದ್ದರು, ಎಲ್ಲಿ ಸರ್ವಿಸ್ ಮಾಡಿಸಿದ್ದರು ಅಂತ ತಿಳಿಯುವುದು ಸುಲಭ. ಆರ್‌ಸಿ, ಇನ್ಶೂರೆನ್ಸ್ ನೋಡಿ. ಸಾಲದ ಮೇಲೆ ಕೊಂಡ ಗಾಡಿಯಾಗಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಇಲ್ಲದೆ ದುಡ್ಡು ಕೊಡಬೇಡಿ. ಹೆಸರು ಬದಲಾವಣೆಗೆ ಫಾರಂ 29, 30ಕ್ಕೆ ಅವತ್ತೇ ಸಹಿ ಮಾಡಿಸಿಕೊಳ್ಳಿ.

ಮರಳಿಗೆ ಇಳಿಯುವ ಮೊದಲ ದಿನ

ಒಬ್ಬರೇ ಹೋಗಬೇಡಿ. ಬೆಳಿಗ್ಗೆ ಏಳಕ್ಕೆ ಹೋಗಿ, ಇಬ್ಬನಿ ಬಿದ್ದ ಮರಳು ಆಗ ಸ್ವಲ್ಪ ಗಟ್ಟಿ. ಹಿಂದೆ ಯಾರನ್ನೂ ಕೂರಿಸಿಕೊಳ್ಳಬೇಡಿ. ಮೊದಲು ನಡೆದು ನೋಡಿ. ಮರಳು ತೆಗೆದ ಗುಂಡಿಗಳು ಹೇಮಾವತಿ ದಡದಲ್ಲಿ ಇರುತ್ತವೆ. ನೀರು ತುಂಬಿಕೊಂಡ ಗುಂಡಿಯ ಆಳ ಮೇಲಿಂದ ತಿಳಿಯುವುದಿಲ್ಲ.

ಎರಡನೇ ಗೇರಿನಲ್ಲಿ, ಎರಡೂ ಕಾಲಿನಿಂದ ನೆಲ ಒತ್ತುತ್ತಾ ಹೊರಡಿ. ವೇಗ ಬಂದ ಕೂಡಲೇ ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ಮಂಡಿಯಿಂದ ಟ್ಯಾಂಕ್ ಹಿಡಿಯಿರಿ. ಸೊಂಟ ಸ್ವಲ್ಪ ಹಿಂದಕ್ಕೆ. ಹ್ಯಾಂಡಲ್ ಮೆತ್ತಗೆ ಹಿಡಿಯಿರಿ, ಅದು ಅತ್ತಿತ್ತ ಅಲ್ಲಾಡುತ್ತದೆ, ಅಲ್ಲಾಡಲಿ. ಅದನ್ನು ಬಲವಂತವಾಗಿ ನೇರ ಮಾಡಲು ಹೋದವರೇ ಬೀಳುವುದು. ಕಣ್ಣು ದೂರಕ್ಕೆ ಇರಲಿ. ಮುಂದಿನ ಬ್ರೇಕ್ ಮುಟ್ಟಬೇಡಿ. ನಿಲ್ಲಿಸಬೇಕಾದರೆ ಥ್ರಾಟಲ್ ಬಿಟ್ಟರೆ ಸಾಕು, ಮರಳೇ ನಿಲ್ಲಿಸುತ್ತದೆ. ಇಳಿಜಾರಿನ ಕಡೆಗೆ ಮೂಗು ಮಾಡಿ ನಿಲ್ಲಿಸಿ, ಮತ್ತೆ ಹೊರಡಲು ಸುಲಭ.

ಹಿಂದಿನ ಚಕ್ರ ಸುತ್ತುತ್ತಾ ಒಳಗೆ ಹೋಗಲು ಶುರುವಾದರೆ ಕೂಡಲೇ ಥ್ರಾಟಲ್ ಬಿಡಿ. ಜಾಸ್ತಿ ಕೊಟ್ಟಷ್ಟೂ ಗುಂಡಿ ಆಳ. ಇಳಿದು, ಗಾಡಿಯನ್ನು ಪಕ್ಕಕ್ಕೆ ಮಲಗಿಸಿ. ಚಕ್ರ ಹೊರಗೆ ಬರುತ್ತದೆ. ಗುಂಡಿಗೆ ಕಾಲಿನಿಂದ ಮರಳು ತುಂಬಿ ತುಳಿದು, ಮತ್ತೆ ಎತ್ತಿ ನಿಲ್ಲಿಸಿ. ಹಗುರ ಗಾಡಿ ಇದ್ದವರಿಗೆ ಇದು ಎರಡು ನಿಮಿಷದ ಕೆಲಸ. ಸೈಡ್ ಸ್ಟ್ಯಾಂಡ್ ಮರಳಿನಲ್ಲಿ ಇಳಿದುಹೋಗುತ್ತದೆ, ಅದರ ಕೆಳಗೆ ಇಡಲು ಒಂದು ಚಪ್ಪಟೆ ಹಲಗೆ ತುಂಡು ಜೊತೆಗಿರಲಿ.

ಎಲ್ಲಿ ಓಡಿಸಬಾರದು ಅನ್ನುವುದನ್ನೂ ಹೇಳಲೇಬೇಕು. ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಹತ್ತಿರ ಸುಳಿಯಬೇಡಿ. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲೇ ರಿವರ್ ಟರ್ನ್ ಹಕ್ಕಿಗಳು ಬರೀ ಮರಳು, ಕಲ್ಲಿನ ಮೇಲೆ ಮೊಟ್ಟೆ ಇಡುತ್ತವೆ. ಹೊಳೆ ದಂಡೆಯ ಮರಳಿನಲ್ಲೂ ಹಕ್ಕಿಗಳ ಮೊಟ್ಟೆ ಇರಬಹುದು. ಮರಳಿನದೇ ಬಣ್ಣ, ಕಣ್ಣಿಗೆ ಬೀಳುವುದೇ ಇಲ್ಲ. ಹಕ್ಕಿಗಳು ತಲೆಯ ಮೇಲೆ ಕೂಗುತ್ತಾ ಸುತ್ತಿದರೆ ಅಲ್ಲಿಂದ ಗಾಡಿ ತಿರುಗಿಸಿ. ಕುಂದಾಪುರ, ಕಾರವಾರದ ಕಡೆಯ ದಂಡೆಗಳಿಗೆ ಕಡಲಾಮೆ ಮೊಟ್ಟೆ ಇಡಲು ಬರುತ್ತವೆ, ಅಲ್ಲಿ ಗಾಡಿ ಇಳಿಸುವುದೇ ಬೇಡ. ನೀರು ಇಳಿದ ಜಾಗದಲ್ಲಿ ಬೆಳೆ ಇದ್ದರೆ ಅದರ ಸುತ್ತ ಹೋಗಿ. ಅಣೆಕಟ್ಟಿನ ಜಾಗಕ್ಕೆ, ಖಾಸಗಿ ತೋಟಕ್ಕೆ ಕೇಳಿಕೊಂಡೇ ಇಳಿಯಿರಿ. "ಅಣ್ಣಾ, ಈ ಕಡೆ ಹೋಗಬಹುದಾ?" ಅಂತ ದನ ಮೇಯಿಸುವವರನ್ನು ಕೇಳಿದರೆ ದಾರಿಯ ಜೊತೆಗೆ ಎಲ್ಲಿ ಹೂಳಿದೆ ಅನ್ನುವುದನ್ನೂ ಹೇಳುತ್ತಾರೆ.

ಮನೆಗೆ ಬಂದ ಮೇಲೆ ಅವತ್ತೇ ಚೈನ್ ತೊಳೆಯಿರಿ. ಲ್ಯೂಬ್ ಮತ್ತು ಮರಳು ಸೇರಿದರೆ ಅರೆಯುವ ಪೇಸ್ಟಾಗಿ ಸ್ಪ್ರಾಕೆಟ್ ತಿನ್ನುತ್ತದೆ. ಮರಳಿಗೆ ಹೊರಡುವ ಹಿಂದಿನ ದಿನ ದಪ್ಪ ಲ್ಯೂಬ್ ಬಳಿಯುವುದೂ ಬೇಡ. ಏರ್ ಫಿಲ್ಟರ್ ತೆಗೆದು ನೋಡಿ. ಫೋರ್ಕ್ ಸೀಲಿನ ಅಂಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಬ್ರೇಕ್ ಪ್ಯಾಡುಗಳ ನಡುವೆ ನೀರು ಬಿಡಿ. ಪ್ರೆಶರ್ ವಾಶ್ ಮಾಡಿಸುವುದಾದರೆ ಬೇರಿಂಗುಗಳ ಕಡೆಗೆ, ಸೈಲೆನ್ಸರ್ ಬಾಯಿಯ ಕಡೆಗೆ ಪೈಪ್ ಹಿಡಿಯದಂತೆ ಹುಡುಗನಿಗೆ ಹೇಳಿ. ಕಡಲ ತೀರಕ್ಕೆ ಹೋಗಿ ಬಂದಿದ್ದರೆ ಸಿಹಿನೀರಿನಲ್ಲಿ ಎರಡು ಸಲ ತೊಳೆದು, ಸ್ಪೋಕ್ ನಿಪ್ಪಲ್‌ಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು ಒಣಗಿಸಿ.